ಓಬನ ಬರಿನೆಲದ ಮನೆ

ಹೂಂಗುಟ್ಟುವವರಿದ್ದರೆ ಹೇಳುತ್ತೇನೆ, ಇಲ್ಲದಿದ್ದರೆ ನನಗೂ ಬೇಕಾದಷ್ಟು ಕೆಲಸವಿದೆ. ಹೂಂ ಅಂದಿರಾ? ಸರಿ, ಕೇಳಿ.

ಬಿಳಿಗಲ್ಲಹಟ್ಟಿ ಅಂತ ಒಂದು ಊರು. ಆ ಊರಲ್ಲಿ ಹನುಮಕ್ಕ ಅಂತ ಒಬ್ಬ ತಾಯಿ. ಅವಳಿಗೆ ಒಬ್ಬನೇ ಮಗ, ಓಬ. ಓಬ ಕೆಟ್ಟವನಲ್ಲ, ಸೋಮಾರಿಯಲ್ಲ, ಅವ್ವನ ಮಾತು ಮೀರುವವನಂತೂ ಅಲ್ಲವೇ ಅಲ್ಲ. ತೊಂದರೆ ಇದ್ದದ್ದೇ ಅಲ್ಲಿ! ಒಂದು ಸಲವಾದರೂ ಮಾತು ಮೀರಿದ್ದರೆ ಹನುಮಕ್ಕ ಊರಿಗೆಲ್ಲ ಬೆಲ್ಲ ಹಂಚುತ್ತಿದ್ದಳು. ಎಮ್ಮೆ ನೋಡ್ಕೊ ಅಂದರೆ ಎಮ್ಮೆಯ ಮುಖವನ್ನೇ ನೋಡುತ್ತ ಕೂತಿರುತ್ತಿದ್ದ. ಎಮ್ಮೆ ಎದ್ದು ಪಕ್ಕದ ಹೊಲ ಮೇಯುತ್ತಿದ್ದರೆ ಇವನೂ ಹಿಂದೆಯೇ ಹೋಗಿ ಮುಖ ನೋಡುತ್ತಿದ್ದ. ಹನುಮಕ್ಕ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಇಂಥವನಿಗೂ ಮದುವೆಯಾಯಿತು. ಹೆಂಡತಿ ನೇತ್ರ ಜಾಣೆ. ಗಂಡನ ಪೆದ್ದುತನ ಅವಳಿಗೆ ಭಾರವಾಗಲಿಲ್ಲ, ಭಾರವಾದದ್ದು ಅತ್ತೆಯ ಮನೆ. ಹನುಮಕ್ಕ ಏನನ್ನೂ ಬಿಸಾಡುವವಳಲ್ಲ. ಮುರುಕು ಮೊರ, ತೂತು ಬಿದ್ದ ಬಿಂದಿಗೆ, ಹಲ್ಲಿಲ್ಲದ ಬಾಚಣಿಗೆ, ಸತ್ತ ಹಸುವಿನ ಗಂಟೆ, ಎಲ್ಲ ಬೇಕು. ಇದ್ದ ಒಂದೇ ಕಿಟಕಿಯ ಮುಂದೆ ಕಾಳು ತುಂಬುವ ಮಣ್ಣಿನ ವಾಡೆಗಳ ಸಾಲು. ಹಗಲಲ್ಲೂ ದೀಪ ಬೇಕು. ಒಂದು ದಿನ ಅಟ್ಟದ ಮೇಲಿಂದ ಒಡಕು ಹರವಿಯೊಂದು ಉರುಳಿ ಬಂದು ತುಂಬು ಬಸುರಿ ನೇತ್ರಳ ಕಾಲ ಬುಡದಲ್ಲೇ ಢಬ್ ಅಂತ ಬಿತ್ತು. ನೇತ್ರ ಹೆರಿಗೆಗೆ ತವರಿಗೆ ಹೋದಳು, ಹೆಣ್ಣು ಹೆತ್ತಳು, ಅಲ್ಲಿಂದ ತನ್ನಪ್ಪ ಪಾಲಯ್ಯನ ಕೈಲಿ ಹೇಳಿ ಕಳಿಸಿದಳು.

"ಕೂಸು ಉರುಳಾಡೋಕೆ ಬರೀ ನೆಲ ಬೇಕು. ಮೈಗೆ ಎಳೆಬಿಸಿಲು ಬೇಕು. ಮಾಗಿ ಚಳೀಲಿ ಬೆಚ್ಚಗಿರಬೇಕು. ಇಷ್ಟಿರೋ ಮನೆ ಆದ್ರೆ ಬರ್ತೀನಿ. ಇಲ್ಲಾಂದ್ರೆ ಇಲ್ಲೇ ಇರ್ತೀನಿ."

ಪಾಲಯ್ಯ ತನ್ನ ಮಾತನ್ನೂ ಸೇರಿಸಿದ. "ನೋಡವ್ವ ಹನುಮಕ್ಕ, ಮಾಗೀಲಿ ಮಗಳನ್ನ ನಾನೇ ಕರ್ಕೊಂಡು ಬರ್ತೀನಿ. ಮನೆ ಸರಿ ಕಂಡ್ರೆ ಬಿಟ್ಟು ಹೋಗ್ತೀನಿ. ಇಲ್ಲ ಅಂದ್ರೆ ಅದೇ ಬಸ್ಸಿಗೆ ವಾಪಸ್ಸು!"

ನಾಮಕರಣದ ದಿನ ಬೀಗರ ಮನೆಗೆ ಹೋಗಿ ಮೊಮ್ಮಗಳನ್ನು ಮಡಿಲಲ್ಲಿ ಇಟ್ಟುಕೊಂಡು ಆಡಿಸಿ ಬಂದವಳು ಹನುಮಕ್ಕ. ಆಮೇಲೆ ಸೊಪ್ಪು ಬಿಡಿಸಲು ಕೂತರೂ ಮಡಿಲು ಖಾಲಿ ಖಾಲಿ ಅನಿಸುತ್ತಿತ್ತು. ಕಟ್ಟಿಸೋಣ, ಹಿತ್ತಲಲ್ಲಿ ಜಾಗವಿದೆ, ಹೊಸ ಮನೆಯನ್ನೇ ಕಟ್ಟಿಸೋಣ ಅಂದಳು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಓಬನಿಗೆ ಮದುವೆ ಮಾಡಿದವಳು ಇನ್ನು ಯಾವುದಕ್ಕೆ ಹೆದರುತ್ತಾಳೆ?

"ಲೋ ಓಬಾ, ಪೇಟೆಗೆ ಹೋಗು. ಇಂಜಿನಿಯರ್ ಸಾಹೇಬರನ್ನ ಕಾಣು. ನಿನ್ ಹೆಂಡ್ತಿ ಹೇಳಿದ್ದನ್ನ ಹಂಗಂಗೇ ಹೇಳು."

"ಹೂಂ ಕಣವ್ವ. ಹಂಗೇ ಮಾಡ್ತೀನಿ."

ಹೋದ, ಹಂಗಂಗೇ ಹೇಳಿದ. ಇಂಜಿನಿಯರಿಗೆ ಖುಷಿಯೋ ಖುಷಿ! "ಪೇಟೆಯೋರು ಈಗ ಇಂಥ ಮನೇನೇ ಕೇಳ್ತಿರೋದು ಕಣಯ್ಯ. ಷೋಕೇಸು ಬೇಡ, ಅಟ್ಟ ಬೇಡ, ಮೂಲೆ ಮೂಲೆಗೆ ಗೂಡು ಬೇಡ. ಒಂದು ದೊಡ್ಡ ಪಡಸಾಲೆ, ಒಂದು ಅಡುಗೆಮನೆ, ಪೂರ್ವಕ್ಕೆ ಅಗಲವಾದ ಬಾಗಿಲು, ಅಗಲವಾದ ಕಿಟಕಿ. ನಿನ್ನ ಹೆಂಡತಿ ಭಾಳ ಬುದ್ಧಿವಂತೆ!" ಅಂದು ಒಂದು ಕಾಗದದ ಮೇಲೆ ಅಚ್ಚುಕಟ್ಟಾಗಿ ಪ್ಲಾನು ಬರೆದುಕೊಟ್ಟರು. "ಇದರಲ್ಲಿ ಹೇಗಿದೆಯೋ ಹಾಗೇ ಪಾಯ ತೆಗೀಬೇಕು. ಒಂದು ನೂಲು ಆಚೆ ಈಚೆ ಆಗಕೂಡದು!"

"ಹೂಂ ಸ್ವಾಮಿ. ಹಂಗೇ ಮಾಡ್ತೀನಿ."

ಓಬ ಹಿತ್ತಲಿಗೆ ಬಂದ. ಕಾಗದವನ್ನು ನೆಲದ ಮೇಲೆ ಹಾಸಿದ. ಹಾರದಂತೆ ಮೂಲೆಮೂಲೆಗೂ ಕಲ್ಲಿಟ್ಟ. ಸುತ್ತ ಕಡ್ಡಿಯಲ್ಲಿ ಗೀರಿದ. ಗೀರಿದಲ್ಲೇ ಅಗೆದ. ಅಗೆದಲ್ಲೇ ಬೆಣಚುಕಲ್ಲು ಜೋಡಿಸಿದ. ಒಂದು ನೂಲು ಆಚೆ ಇಲ್ಲ, ಒಂದು ನೂಲು ಈಚೆ ಇಲ್ಲ!

ಹನುಮಕ್ಕ ಗದ್ದೆಯಿಂದ ಬಂದು ನೋಡುತ್ತಾಳೆ, ರೊಟ್ಟಿ ಹಂಚಿನಷ್ಟಗಲದ ಪಾಯ! ಪಡಸಾಲೆಯಲ್ಲಿ ಒಂದು ಕೋಳಿ ಕೂತಿದೆ. ಕೋಳಿಯ ಬಾಲ ಅಡುಗೆಮನೆಯಲ್ಲಿದೆ.

"ಲೋ! ಏನೋ ಇದು?"

"ಮನೆ ಕಣವ್ವ! ಪಾಯ ಮುಗೀತು!"

"ಯಾರಿಗೋ ಈ ಮನೆ? ಇರುವೆಗಾ?"

"ಕಾಗದದಾಗೆ ಹೆಂಗೈತೋ ಹಂಗೇ ತೆಗೆದಿದೀನಿ. ಬೇಕಾದ್ರೆ ಕಾಗದ ಇಟ್ಟು ನೋಡು!"

"ಅಯ್ಯೋ ನನ್ನ ಪೆದ್ದಪ್ಪನೇ! ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಇದ್ರಲ್ಲಿ ಕಾಲಿನ ಹೆಬ್ಬೆಟ್ಟೂ ಹಿಡಿಸಲ್ವಲ್ಲೋ! ಮನುಷ್ಯರು ಮಲಗೋ ಜಾಗ ಅಂದ್ರೆ ಮೊದ್ಲು ತಾನು ಮಲಗಿ ನೋಡಬೇಕು. ಉದ್ದಕ್ಕೆ ಮಲಗು, ಕೈ ಚಾಚು, ಕಾಲು ಚಾಚು, ಸರಿಯಾಗ್ತೈತಾ ನೋಡು! ಅಷ್ಟೂ ತಿಳೀಬಾರದಾ?"

"ಹೂಂ ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಅಂದ, ಮಾತನ್ನು ತಲೆಯಲ್ಲಿ ಗಂಟು ಹಾಕಿಟ್ಟುಕೊಂಡ. ಹನುಮಕ್ಕ ಮಾರನೇ ದಿನವೇ ಮೇಸ್ತ್ರಿ ಈರಣ್ಣನನ್ನು ಕರೆಸಿದಳು. ಮಗನನ್ನು ಎಮ್ಮೆ ಹಿಂದೆ ಅಟ್ಟಿದಳು. ಓಬ ಹತ್ತಿರ ಸುಳಿಯದಿದ್ದರಿಂದ ಮನೆ ಸರಸರ ಮೇಲೆದ್ದಿತು. ಗೋಡೆ ಬಂತು, ಸೂರು ಬಂತು, ಪೂರ್ವಕ್ಕೆ ಅಗಲವಾದ ಬಾಗಿಲೂ ಕಿಟಕಿಯೂ ಬಂದವು. ಇನ್ನು ಉಳಿದದ್ದು ನೆಲ. ಈರಣ್ಣ ಬೆಳಗಿನಿಂದ ಬೆನ್ನು ಬಗ್ಗಿಸಿ ದಪ್ಪಗೆ ಕಾಂಕ್ರೀಟು ಹಾಕಿ, ಮೇಲೆ ಕೆಂಪು ಸಿಮೆಂಟು ಎಳೆದು, ಕರಣೆಯಲ್ಲಿ ಉಜ್ಜಿ ಉಜ್ಜಿ ಕನ್ನಡಿ ಮಾಡಿದ. ಅಷ್ಟರಲ್ಲಿ ಎಮ್ಮೆ ಹೊಡೆದುಕೊಂಡು ಓಬ ಬಂದ.

"ಓಬಣ್ಣ, ಒಂದು ಗಳಿಗೆ ಇಲ್ಲೇ ಇರಪ್ಪ. ಊಟ ಮಾಡ್ಕೊಂಡು ಬಂದೆ," ಅಂದು ಈರಣ್ಣ ಹೋದ.

ಓಬ ನೆಲ ನೋಡಿದ. ತಲೆಯ ಗಂಟು ಬಿಚ್ಚಿದ. ಮನುಷ್ಯರು ಮಲಗೋ ಜಾಗ! ಮೊದ್ಲು ತಾನು ಮಲಗಿ ನೋಡಬೇಕು! ಪಡಸಾಲೆಯ ನಟ್ಟನಡುವೆ ಮಲಗಿದ. ಕೈ ಚಾಚಿದ, ಸರಿಯಾಯಿತು. ಕಾಲು ಚಾಚಿದ, ಸರಿಯಾಯಿತು. ಕೆಳಗೆ ತಂಪು, ಮೆತ್ತಗೆ. ಕಣ್ಣು ಹಾಗೇ ಎಳೆದುಕೊಂಡು ಹೋಯಿತು.

ಈರಣ್ಣನ ಕೂಗು ಊರಿನ ಆ ತುದಿಗೆ ಕೇಳಿತು. ಹನುಮಕ್ಕ ಓಡಿಬಂದಳು. ಇಬ್ಬರೂ ಸೇರಿ ಓಬನನ್ನು ಎಳೆದರು. ಓಬ ಬಂದ, ಓಬನ ಗುರುತು ಬರಲಿಲ್ಲ. ತಲೆ, ಹೆಗಲು, ಅಗಲವಾದ ಬೆನ್ನು, ಎರಡು ಕಾಲು, ಇಷ್ಟೂ ಪಡಸಾಲೆಯ ನಡುವೆ ಅಚ್ಚೊತ್ತಿ ಕೂತಿತ್ತು.

"ಅವ್ವಾ, ಸರಿಯಾಗ್ತೈತೆ ಕಣವ್ವ! ಕಾಲೂ ಹಿಡಿಸ್ತೈತೆ!"

"ಅಯ್ಯೋ ನನ್ನ ಪೆದ್ದಪ್ಪನೇ! ಹಸೀ ಸಿಮೆಂಟಿನ ಮೇಲೆ ಮಲಗ್ತಾರೇನೋ? ಎಮ್ಮೆ ಕೂಡ ಇದರ ಮೇಲೆ ಮಲಗಲ್ವಲ್ಲೋ!"

ಈರಣ್ಣ ತಲೆಯ ಮೇಲೆ ಕೈ ಹೊತ್ತು ಕೂತ. "ಬಿಗಿದುಕೊಂಡೈತೆ ಹನುಮಕ್ಕ. ಇನ್ನು ನೆಲಾನೆಲ್ಲ ಒಡೀಬೇಕು."

"ಒಡೀಬೇಡಪ್ಪ, ಮಾಗಿ ಬಂದೇಬಿಡ್ತು. ಮೇಲೊಂದು ಚಾಪೆ ಹಾಸ್ತೀನಿ, ಯಾರಿಗೂ ಕಾಣಲ್ಲ," ಅಂದಳು ಹನುಮಕ್ಕ.

ಈರಣ್ಣ ಎದ್ದು ಓಬನಿಗೆ ಬೆರಳು ತೋರಿಸಿ ಹೇಳಿದ. "ಕೇಳ್ಕೋ ಓಬಣ್ಣ! ಹೊಸ ಕೆಲಸದ ಮೇಲೆ ಕಾಲಿಡಬಾರದು. ನೀರು ಹೊಯ್ಬೇಕು, ನೆನೆದ ಗೋಣಿಚೀಲ ಹೊದಿಸಬೇಕು, ಯಾರನ್ನೂ ಹತ್ರ ಬಿಡಬಾರದು. ಎಲ್ಲಾದ್ರೂ ಬಿರುಕು ಕಂಡ್ರೆ ನೀರು ಸಾಲದು ಅಂತ ಲೆಕ್ಕ. ಮತ್ತೆ ಹೊಯ್ಬೇಕು!"

"ಹೂಂ ಕಣಣ್ಣ. ಇನ್ಮೇಲೆ ಹಂಗೇ ಮಾಡ್ತೀನಿ."

ಅಂದ, ಗಂಟು ಹಾಕಿಟ್ಟುಕೊಂಡ. ನೆಲ ಒಣಗಿತು, ಗೋಣಿಚೀಲ ಎತ್ತಿದ್ದೂ ಆಯಿತು. ಒಂದು ಮಧ್ಯಾಹ್ನ ಹನುಮಕ್ಕ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಆಗ ಬಂದ ನೋಡಿ ಪಾಲಯ್ಯ! ಮಗಳಿಗಿಂತ ಮುಂಚೆ ಒಂದು ಸಲ ಮನೆ ನೋಡಿಹೋಗೋಣ ಅಂತ. ಬಸ್ಸಿಳಿದು ನಡೆದು ಬಂದು ಸುಸ್ತಾಗಿದ್ದ. ಹೊಸ ಜಗಲಿ ಕಂಡ, ಕೂತ, ಗೋಡೆಗೆ ಒರಗಿ ಕಣ್ಣು ಮುಚ್ಚಿದ, ಕಾಲು ಚಾಚಿದ.

ಓಬ ಮಾವನ ಕಾಲು ನೋಡಿದ. ಮಾಗಿ ಗಾಳಿಗೆ ಪಾಲಯ್ಯನ ಹಿಮ್ಮಡಿ ಬಿರಿದಿತ್ತು. ಸಾಧಾರಣ ಬಿರುಕಲ್ಲ, ಬೆರಳು ಇಟ್ಟರೆ ಬೆರಳು ಹೋಗುವಂಥ ಬಿರುಕು!

ಅಯ್ಯೋ, ಮಾವ ಬಿರುಕು ಬಿಟ್ಟವ್ರೆ! ನೀರು ಸಾಲದು!

ಒಂದು ಕೊಡ ತಂದು ಕಾಲಿನಿಂದ ಶುರುಮಾಡಿ ತಲೆಯವರೆಗೆ ಹೊಯ್ದ. ಪಾಲಯ್ಯ "ಹಾ!" ಅಂತ ಎದ್ದು ನಿಂತ. ಎದ್ದವನ ಮೇಲೆ ನೆನೆದ ಗೋಣಿಚೀಲ ಬಿತ್ತು. ಅದರ ಮೇಲೆ ಇನ್ನೊಂದು ಬಿತ್ತು. ಓಬ ಹಗ್ಗ ತಂದು ಸುತ್ತಿದ. ಇನ್ನೊಂದು ಕೊಡ ಹೊಯ್ದ. ಕೂಗು ಕೇಳಿ ಜನ ಓಡಿಬಂದರೆ ಓಬ ಕೋಲು ಹಿಡಿದು ಅಡ್ಡ ನಿಂತ. "ಹತ್ರ ಬರಬೇಡ್ರೀ! ಮಾವ ಇನ್ನೂ ಹಸಿ ಅವ್ರೆ!"

ಹನುಮಕ್ಕ ಹಿಟ್ಟಿನ ಪುಟ್ಟಿ ಹೊತ್ತು ಬಂದಾಗ ಬೀಗರು ಗೋಣಿಯೊಳಗೆ ಗಡಗಡ ನಡುಗುತ್ತಿದ್ದರು. ಹಲ್ಲು ಕಟಕಟ ಅನ್ನುವ ಸದ್ದು ಮಾತ್ರ ಹೊರಗೆ ಬರುತ್ತಿತ್ತು. ಬಿಚ್ಚಿದಳು, ಒರೆಸಿದಳು, ಕೈ ಮುಗಿದಳು, ಮೆಣಸಿನ ಕಷಾಯ ಕುಡಿಸಿದಳು.

ಪಾಲಯ್ಯ ಮೂಗು ಒರೆಸಿಕೊಂಡು ಅಂದ, "ಹನುಮಕ್ಕ, ಅಮಾಸೆ ಕಳೆದ ಮಾರನೇ ಬೆಳಗ್ಗೆ ಮಗಳನ್ನ ಕರ್ಕೊಂಡು ಬರ್ತೀನಿ, ಮಾತು ಕೊಟ್ಟಿದೀನಿ. ಆದ್ರೆ ಆವತ್ತು ಇಂಥದ್ದೊಂದು ಕಂಡ್ರೆ, ಮನೆ ಅರಮನೆ ಆಗಿದ್ರೂ ಬಿಡಲ್ಲ. ಅದೇ ಬಸ್ಸಿಗೆ ವಾಪಸ್ಸು!"

ಅವನು ಕಣ್ಮರೆಯಾಗುವವರೆಗೆ ಸುಮ್ಮನಿದ್ದು ಹನುಮಕ್ಕ ಮಗನ ಕಡೆ ತಿರುಗಿದಳು.

"ಅಯ್ಯೋ ನನ್ನ ಪೆದ್ದಪ್ಪನೇ! ಮಾವನಿಗೆ ಮಾಡೋ ಮರ್ಯಾದೆ ಏನೋ ಇದು? ಬಾಗಿಲಿಗೆ ಬಂದೋರಿಗೆ 'ಬನ್ನಿ ಬನ್ನಿ' ಅನ್ಬೇಕು. ಕಾಲಿಗೆ ನೀರು ಕೊಡಬೇಕು. ಒಳಗೆ ಕರೆದು ಕೂರಿಸಬೇಕು. ಬೆಲ್ಲ ನೀರು ಕೊಟ್ಟು 'ಉಂಡೇ ಹೋಗಿ' ಅನ್ಬೇಕು. ಯಾರೇ ಬರಲಿ! ಒಬ್ಬರನ್ನೂ ಹಂಗೇ ಕಳಿಸಬಾರದು!"

"ಹೂಂ ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಅವತ್ತಿನಿಂದ ಓಬ ಬಾಗಿಲು ಬಿಟ್ಟು ಅಲ್ಲಾಡಲಿಲ್ಲ. ಯಾರಾದರೂ ಬರಲಿ ಅಂತ ಬೆಲ್ಲದ ಅಚ್ಚು ಪಕ್ಕದಲ್ಲೇ ಇಟ್ಟುಕೊಂಡು ಕಾದ. ಯಾರೂ ಬರಲಿಲ್ಲ. ಮಾವನ ಕತೆ ಊರಿಗೆಲ್ಲ ಗೊತ್ತಾಗಿತ್ತಲ್ಲ, ಯಾಕೆ ಬಂದಾರು?

ಕಡೆಗೂ ಬಂದರು. ಕುರಿ ಕಾಯುವ ಚಿತ್ತಯ್ಯನ ಮಂದೆ ಬಂತು. ಚಿತ್ತಯ್ಯ ಹುಣಸೆಮರದ ಬುಡದಲ್ಲಿ ಒಂದು ನಿದ್ದೆ ತೆಗೆಯಲು ಮಲಗಿದ. ಕುರಿಗಳು ಮೇಯುತ್ತ ಮೇಯುತ್ತ ಓಬನ ಬಾಗಿಲಿಗೆ ಬಂದವು. ಮುಂದೆ ಒಂದು ದೊಡ್ಡ ಟಗರು. ಅದು ಬಾಗಿಲಲ್ಲಿ ನಿಂತು "ಬ್ಯಾ" ಅಂತು.

"ಬನ್ನಿ ಬನ್ನಿ!" ಅಂದ ಓಬ. "ಎಲ್ರೂ ಬಂದ್ರಾ? ಬನ್ನಿ!"

ಒಂದೊಂದನ್ನೂ ಹಿಡಿದು ನಾಲ್ಕು ನಾಲ್ಕು ಕಾಲಿಗೂ ನೀರು ಹಾಕಿ ಒಳಗೆ ಬಿಟ್ಟ. ಪಡಸಾಲೆ ತುಂಬಿತು. ಅಡುಗೆಮನೆ ತುಂಬಿತು. ಹೊರಗೆ ಉಳಿದವಕ್ಕೆ "ಸ್ವಲ್ಪ ಸರಕೊಳ್ರಪ್ಪ, ನಮ್ಮೋರೇ ಅಲ್ವಾ" ಅಂತ ಜಾಗ ಮಾಡಿಕೊಟ್ಟ. ತಟ್ಟೆಯಲ್ಲಿ ಬೆಲ್ಲದ ನೀರು ಹಿಡಿದು ಹಿರಿಯರಿಗೆ ಮೊದಲು ಅಂತ ಟಗರಿನ ಮುಂದೆ ನಿಂತ. ಟಗರು ಕುಡಿದು ತಟ್ಟೆ ನೆಕ್ಕಿತು.

ಹನುಮಕ್ಕ ಬಂದು ಬಾಗಿಲು ತೆಗೆದರೆ ಉಣ್ಣೆ! ಬರೀ ಉಣ್ಣೆ! ಅದರ ನಡುವೆ ಎಲ್ಲೋ ಮಗನ ದನಿ. "ಅವ್ವಾ, ನೆಂಟರು ಬಂದವ್ರೆ! ಮುದ್ದೆಗೆ ಇಡು! ಒಬ್ಬರನ್ನೂ ಹಂಗೇ ಕಳಿಸಿಲ್ಲ!"

ಚಿತ್ತಯ್ಯ ಎದ್ದು ಮಂದೆ ಕಾಣದೆ ಬಾಯಿ ಬಡಿದುಕೊಂಡು ಓಡಿಬಂದ. ತನ್ನ ಟಗರಿನ ಗದ್ದದಲ್ಲಿ ಬೆಲ್ಲದ ನೀರು ತೊಟ್ಟಿಕ್ಕುವುದನ್ನು ಕಂಡು ಮೊದಲು ಬಾಯಿ ಬಿಟ್ಟ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಯವ್ವಾ, ನಾನು ಊರೂರು ತಿರುಗಿದೀನಿ. ನನ್ ಕುರಿಗಿರಲಿ, ನನಗೇ ಯಾರೂ ಇಂಥ ಮರ್ಯಾದೆ ಮಾಡಿಲ್ಲ! ಕೂಸು ಬರ್ತೈತಂತಲ್ಲ, ಹೊದಿಸು ತಗೋ," ಅಂತ ಹೆಗಲ ಮೇಲಿದ್ದ ಹೊಚ್ಚ ಹೊಸ ಕರೀ ಕಂಬಳಿಯನ್ನು ಹನುಮಕ್ಕನ ಕೈಲಿಟ್ಟು, ಮಂದೆ ಹೊಡೆದುಕೊಂಡು ಹೋದ.

ಕಂಬಳಿ ಬಂತು ನಿಜ. ಆದರೆ ಕೆಂಪು ನೆಲದ ಮೇಲೆಲ್ಲ ಹಿಕ್ಕೆ! ಅವತ್ತೇ ಅಮಾವಾಸ್ಯೆ, ಬೆಳಗಾದರೆ ಸೊಸೆ ಬರುತ್ತಾಳೆ.

"ಅಯ್ಯೋ ನನ್ನ ಪೆದ್ದಪ್ಪನೇ! ಸಿಕ್ಕಿದ್ದನ್ನೆಲ್ಲ ಮನೆಯೊಳಗೆ ತುಂಬಿಸ್ತಾರೇನೋ? ಬೇಕಾದ್ದಷ್ಟೇ ಒಳಗಿರಬೇಕು, ಮಿಕ್ಕಿದ್ದೆಲ್ಲ ಹೊರಗೆ!"

"ಬೇಕಾದ್ದು ಬೇಡದ್ದು ಹೆಂಗವ್ವ ತಿಳಿಯೋದು?"

ಪ್ರಶ್ನೆ ನ್ಯಾಯವಾದದ್ದೇ. ಹನುಮಕ್ಕ ಒಂದು ಗಳಿಗೆ ಯೋಚಿಸಿ ಅಂದಳು, "ಕೈಗೆತ್ತಿಕೊಂಡು ಕೇಳ್ಕೋ. ಇದಿಲ್ದೆ ಇವತ್ತಿನ ದಿನ ಕಳೀತೈತಾ? ಕಳೀತೈತೆ ಅಂದ್ರೆ ಹೊರಗಿಡು!"

"ಹೂಂ ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಹೇಳುವುದೇನೋ ಹೇಳಿದಳು. ಆದರೆ ಹನುಮಕ್ಕ ಹನುಮಕ್ಕನೇ ಅಲ್ಲವೇ? ನೆಲ ತೊಳೆದು, ಓಬನ ಅಚ್ಚಿನ ಮೇಲೆ ಚಾಪೆ ಹಾಸಿ, ಹೊಸ ಮನೆ ಬಣಬಣ ಅನ್ನುತ್ತದೆ ಅಂತ ಹಳೇ ಮನೆಯಿಂದ ಒಂದೊಂದೇ ತಂದಳು. ವಾಡೆಗಳನ್ನು ಪೂರ್ವದ ಕಿಟಕಿಯ ಮುಂದೆ ನಿಲ್ಲಿಸಿದಳು. ತೂತು ಬಿಂದಿಗೆ ಬಂತು, ಅದು ಗಂಡ ತಂದುಕೊಟ್ಟದ್ದು. ಗೆದ್ದಲು ತಿಂದ ತೊಟ್ಟಿಲು ಬಂತು, ಅದು ಓಬ ಮಲಗಿದ್ದದ್ದು. ಸತ್ತ ಹಸುವಿನ ಗಂಟೆ ಬಂತು, ಆ ಹಸುವಿನ ಹಾಲು ಕುಡಿದೇ ಓಬ ದೊಡ್ಡವನಾದದ್ದು. ಯಾವುದನ್ನು ಬಿಡುವುದು? ಸಂಜೆಯ ಹೊತ್ತಿಗೆ ಹೊಸ ಮನೆ ಹಳೇ ಮನೆಯ ತಂಗಿಯಾಗಿತ್ತು.

ಬೆಳಗಾಯಿತು. ಹನುಮಕ್ಕ ಸ್ನಾನ ಮಾಡಿ ಅಡುಗೆಮನೆಗೆ ನುಗ್ಗಿದಳು. ಅವರೆಕಾಳಿನ ಸಾರಿಗಿಟ್ಟಳು, ಮುದ್ದೆಗೆ ಎಸರಿಟ್ಟಳು. ಪಡಸಾಲೆಯಲ್ಲಿ ಓಬ ನಿಂತು ತಲೆಯ ಗಂಟು ಬಿಚ್ಚಿದ.

ವಾಡೆ ಹಿಡಿದುಕೊಂಡು ಕೇಳಿದ. ಇದಿಲ್ದೆ ಇವತ್ತಿನ ದಿನ ಕಳೀತೈತಾ? ಕಳೀತೈತೆ. ಹೊರಗೆ! ತೂತು ಬಿಂದಿಗೆ? ಹೊರಗೆ! ತೊಟ್ಟಿಲು? ಕೂತು ನೋಡಿದ, ಲಟಕ್ ಅಂತು, ಹೊರಗೆ! ಮೊರ ಹೊರಗೆ, ಗಂಟೆ ಹೊರಗೆ, ಟ್ರಂಕು ಹೊರಗೆ, ಚಾಪೆ ಹೊರಗೆ. ಬಾಗಿಲು? ಹಗಲು ಹೊತ್ತಲ್ಲಿ ಬಾಗಿಲು ಯಾಕೆ? ಮೆಲ್ಲಗೆ ಎತ್ತಿ ಬಿಡಿಸಿ ಹೊರಗೆ ಒರಗಿಸಿದ. ಕಿಟಕಿಯ ಕದಗಳೂ ಅದರ ಹಿಂದೆಯೇ ಹೋದವು. ನೀರಿನ ಕೊಡ ಹಿಡಿದು ಕೇಳಿದ. ನೀರಿಲ್ಲದೆ ದಿನ ಕಳೆಯಲ್ಲ, ಇರಲಿ. ಕಂಬಳಿ ಹಿಡಿದು ಕೇಳಿದ. ಕೂಸು ಬರುತ್ತದೆ, ಚಳಿ, ಕಳೆಯಲ್ಲ, ಇರಲಿ.

ಇನ್ನೇನು ಉಳಿಯಿತು? ಅಡುಗೆಮನೆಗೆ ಹೋದ. ಹನುಮಕ್ಕ ಮುದ್ದೆ ಕಟ್ಟಿ ಮುಗಿಸಿ ಕೈ ತೊಳೆಯುತ್ತಿದ್ದಳು. ರಾಗಿ ಮೂಟೆ ಎತ್ತುವ ಹಾಗೆ ಅವ್ವನನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

"ಲೋ! ಲೋ! ಏನೋ? ಇಳಿಸೋ!"

"ತಡಿಯವ್ವ, ಕೇಳ್ಕೋತಿದೀನಿ." ಓಬ ಬಹಳ ಹೊತ್ತು ಕೇಳಿಕೊಂಡ. ಮಿಕ್ಕ ಯಾವುದಕ್ಕೂ ಅಷ್ಟು ಹೊತ್ತು ಹಿಡಿದಿರಲಿಲ್ಲ. ಆಮೇಲೆ ಅಂದ, "ಸಾರೂ ಆಗೈತೆ, ಮುದ್ದೇನೂ ಆಗೈತೆ. ಇವತ್ತಿನ ದಿನ ಕಳೀತೈತೆ ಕಣವ್ವ." ಅಂದು ಹೊತ್ತೊಯ್ದು ಅಂಗಳದಲ್ಲಿ ತೂತು ಬಿಂದಿಗೆಗೂ ತೊಟ್ಟಿಲಿಗೂ ನಡುವೆ ಹುಷಾರಾಗಿ ಕೂರಿಸಿದ.

ಹನುಮಕ್ಕನಿಗೆ ಮಗ ಪೆದ್ದ ಅಂತ ಗೊತ್ತು, ಹೇಳಿದ್ದು ತಾನೇ ಅಂತಲೂ ಗೊತ್ತು. ಆದರೂ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಇಷ್ಟು ವರ್ಷ ಮುರುಕು ಮೊರವನ್ನೂ ಹೊರಗೆ ಹಾಕದವಳು ತಾನೇ ಮೊರಗಳ ಜೊತೆ ಅಂಗಳದಲ್ಲಿ ಕೂತಳಲ್ಲ!

ಓಬ ಮತ್ತೆ ಒಳಗೆ ಹೋದ. ಆಮೇಲೆ ಬರಿಗೈಯಲ್ಲಿ ಹೊರಬಂದು ಅವ್ವನ ಪಕ್ಕದಲ್ಲೇ ಕೂತ.

"ನೀನ್ಯಾಕೋ ಬಂದೆ?"

"ನಾನಿಲ್ದೇನೂ ಕಳೀತೈತೆ ಕಣವ್ವ."

ಇವನನ್ನು ಏನಂತ ಬೈಯುವುದು? ಹನುಮಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮಗನ ತಲೆಯ ಮೇಲಿದ್ದ ಜೇಡರ ಬಲೆ ತೆಗೆದಳು.

ಆಗಲೇ ಬಸ್ಸಿನ ಹಾರನ್ನು! ಮುಗೀತು! ಬಾಗಿಲಿಲ್ಲ, ಕಿಟಕಿಗೆ ಕದವಿಲ್ಲ, ಅಂಗಳದ ತುಂಬ ಸಾಮಾನು, ಅದರ ನಡುವೆ ಅತ್ತೆ! ಹನುಮಕ್ಕ ಎದ್ದು ಏನಾದರೂ ಒಳಗಿಡೋಣ ಅಂತ ಗಂಟೆ ಎತ್ತಿಕೊಂಡಳು, ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು. ಅಷ್ಟರಲ್ಲಿ ನೇತ್ರ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದೇಬಿಟ್ಟಳು. ಹಿಂದೆ ಪಾಲಯ್ಯ. ಮೋಡವಿಲ್ಲ, ಮಳೆಯಿಲ್ಲ, ಆದರೂ ಕೊಡೆ ಬಿಚ್ಚಿ ಹಿಡಿದಿದ್ದ. ಅಳಿಯನಿಂದ ಅಷ್ಟು ದೂರದಲ್ಲೇ ನಿಂತ.

"ನೋಡು ಮಗಳೇ, ನಾನು ಹೇಳಿರಲಿಲ್ವಾ? ಬಾಗಿಲೇ ಇಲ್ಲ! ಬಸ್ಸು ತಿರುಗಿಸ್ಕೊಂಡು ಬರೋದ್ರೊಳಗೆ ನಡಿ, ಹೋಗಾಣ!"

ನೇತ್ರ ಬಾಗಿಲಿಲ್ಲದ ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. ಬರೀ ನೆಲ! ಕೆಂಪಗೆ, ನುಣ್ಣಗೆ, ಈ ಗೋಡೆಯಿಂದ ಆ ಗೋಡೆಗೆ ಒಂದು ಕೊಡ, ಒಂದು ಕಂಬಳಿ ಬಿಟ್ಟರೆ ಒಂದು ಕಡ್ಡಿ ಇಲ್ಲ. ಪೂರ್ವದ ಬಿಸಿಲು ಬಾಗಿಲಿಂದಲೂ ಕಿಟಕಿಯಿಂದಲೂ ಬಂದು ಪಡಸಾಲೆಯ ತುಂಬ ಮಲಗಿತ್ತು. ನಡುವೆ ಒಂದು ಗುಂಡಿ. ತಲೆ, ಹೆಗಲು, ಬೆನ್ನು, ಕಾಲು. ನೇತ್ರ ಗುಂಡಿ ನೋಡಿದಳು, ಗಂಡನನ್ನು ನೋಡಿದಳು, ಮತ್ತೆ ಗುಂಡಿ ನೋಡಿದಳು. ತುಟಿ ಕಚ್ಚಿಕೊಂಡಳು. ಒಳಗೆ ಹೋಗಿ ಗುಂಡಿಗೆ ಕಂಬಳಿ ಹಾಸಿ, ಗಂಡನ ಬೆನ್ನು ಒತ್ತಿದ್ದ ಜಾಗದಲ್ಲಿ ಕೂಸನ್ನು ಮಲಗಿಸಿದಳು. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು. ಹೊರಳಿದರೆ ಹೊರಕ್ಕೆ ಉರುಳದು, ಬಿಸಿಲು ಮೈತುಂಬ ಇದೆ, ಕೆಳಗೆ ಉಣ್ಣೆ. ಕೂಸು ಕೈಕಾಲು ಆಡಿಸಿ ಕೇಕೆ ಹಾಕಿತು.

"ಅಪ್ಪಾ, ನೀನು ಉಂಡ್ಕೊಂಡು ಬಸ್ಸಿಗೆ ಹೋಗು," ಅಂದಳು ನೇತ್ರ. "ನಾನು ಬರಲ್ಲ."

ಪಾಲಯ್ಯ ಕೊಡೆ ಮಡಚಿ ಇಣುಕಿ ನೋಡಿದ. ಮೊಮ್ಮಗಳು ನಗುತ್ತಿದ್ದಳು. "ಹೂಂ," ಅಂದ.

ನೇತ್ರ ಹೊರಗೆ ಬಂದಳು. "ಅತ್ತೆಮ್ಮ ಯಾಕೆ ಹೊರಗವ್ರೆ?"

"ಅವ್ವ ಇಲ್ದೆ ಇವತ್ತಿನ ದಿನ ಕಳೀತೈತಲ್ಲ, ಅದಕ್ಕೇ!" ಅಂದ ಓಬ.

ನೇತ್ರ ಸೊಂಟದ ಮೇಲೆ ಕೈಯಿಟ್ಟು ಗಂಡನನ್ನು ನೋಡಿದಳು. "ಇವತ್ತಿಂದು ಕಳೀತೈತೆ ಕಣ್ರೀ. ನಾಳೇದು ಕಳೆಯಲ್ಲ. ನಾಳಿದ್ದಿಂದೂ ಕಳೆಯಲ್ಲ." ಅಂದು ಅತ್ತೆಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಬಿಸಿಲಲ್ಲಿ ಕೂರಿಸಿ, ಕೂಸನ್ನು ಎತ್ತಿ ಮಡಿಲಿಗೆ ಹಾಕಿದಳು. ಹನುಮಕ್ಕನ ಮಡಿಲು ತುಂಬಿತು. ಅಂಗಳದ ಬಿಂದಿಗೆ, ಮೊರ, ಗಂಟೆ ಒಂದೂ ಅವಳಿಗೆ ಆಗ ನೆನಪಿಗೆ ಬರಲಿಲ್ಲ.

ಎಲ್ಲರೂ ಬರಿನೆಲದ ಮೇಲೆ ಸಾಲಾಗಿ ಕೂತು ಮುದ್ದೆ ಉಂಡರು. ಪಾಲಯ್ಯ ಎರಡನೇ ಸಲ ಸಾರು ಹಾಕಿಸಿಕೊಂಡು ಬಸ್ಸು ಹತ್ತಿ ಹೋದ. ಕೂಸು ಹಾಲು ಕುಡಿದು ಗುಂಡಿಯಲ್ಲಿ ನಿದ್ದೆಹೋಯಿತು. ನೇತ್ರ ಗಂಡನನ್ನು ಕರೆದು ಹೇಳಿದಳು, "ಏನ್ರೀ, ನಾವು ಅತ್ತೆ ಸೊಸೆ ಅಂಗಳದ ಸಾಮಾನು ನೋಡ್ತೀವಿ. ನೀವು ಇಲ್ಲೇ ಇರಿ. ಕೂಸಿನ ಮೈಮೇಲೆ ಬಿಸಿಲು ಬೀಳ್ತಾ ಇರಲಿ. ಆದ್ರೆ ಕೂಸನ್ನ ಮಾತ್ರ ಅಲ್ಲಾಡಿಸಬೇಡಿ, ಎದ್ದುಬಿಡ್ತೈತೆ."

"ಹೂಂ ಕಣೇ. ಹಂಗೇ ಮಾಡ್ತೀನಿ."

ಅಂಗಳದಲ್ಲಿ ಅತ್ತೆ ಸೊಸೆ ಬಾಗಿಲಿನ ಕದಕ್ಕೆ ಒರಗಿ ಕೂತು ಒಂದೊಂದನ್ನೇ ಕೈಗೆತ್ತಿಕೊಂಡರು. ವಾಡೆ ಹಳೇ ಮನೆಗೆ ಅಂತಾಯಿತು. ತೂತು ಬಿಂದಿಗೆಯಲ್ಲಿ ತುಳಸಿ ನೆಡೋಣ ಅಂತಾಯಿತು. ಗಂಟೆಯನ್ನು ನೇತ್ರ ತಾನೇ ಬೇಕು ಅಂತ ಇಟ್ಟುಕೊಂಡಳು, ಕೂಸಿಗೆ ಆಡಲು. ರೊಟ್ಟಿ ಹಂಚಿನಷ್ಟಗಲದ ಆ ಪಾಯದಲ್ಲಿ ಕೋಳಿ ಇನ್ನೂ ಕೂತಿತ್ತು, ಅದನ್ನು ಎಬ್ಬಿಸುವುದು ಬೇಡ ಅಂತ ಇಬ್ಬರೂ ಒಪ್ಪಿಕೊಂಡರು.

ಅಷ್ಟರಲ್ಲಿ ಮನೆಯ ಹಿಂದಿನಿಂದ ಒಂದು ಸದ್ದು. "ಹ್ಞೂಂಫ್! ಹ್ಞೂಂಫ್!"

ಹನುಮಕ್ಕ ಎದ್ದು ಹೋಗಿ ನೋಡುತ್ತಾಳೆ, ಓಬ! ಪಂಚೆ ಎತ್ತಿ ಕಟ್ಟಿ, ಮನೆಯ ಮೂಲೆಗೆ ಹೆಗಲು ಕೊಟ್ಟು, ಹಿಮ್ಮಡಿ ನೆಲಕ್ಕೆ ಊರಿ ತಳ್ಳುತ್ತಿದ್ದಾನೆ. ಮುಖ ಕೆಂಪಾಗಿ ಬೆವರು ಇಳಿಯುತ್ತಿದೆ.

"ಏನೋ ಮಾಡ್ತಿದೀಯಾ?"

"ಬಿಸಿಲು ಈ ಕಡೆ ಬಂದುಬಿಡ್ತು ಕಣವ್ವ! ಕೂಸನ್ನ ಅಲ್ಲಾಡಿಸಂಗಿಲ್ಲ. ಅದಕ್ಕೇ ಮನೇನ ತಿರುಗಿಸ್ತಿದೀನಿ. ಬಾಗಿಲು ಈ ಕಡೆ ಬಂದ್ರೆ ಬಿಸಿಲು ಬೀಳ್ತೈತೆ!"

ಹನುಮಕ್ಕ ಬಾಯಿ ತೆರೆದಳು. ಅಯ್ಯೋ ನನ್ನ ಪೆದ್ದಪ್ಪನೇ ಅನ್ನುವುದು ನಾಲಿಗೆಯ ತುದಿಗೆ ಬಂತು. ಮಗನ ಬಿರಿದ ಹಿಮ್ಮಡಿ ನೋಡಿದಳು, ಹೆಗಲ ಮೇಲೆ ಅಂಟಿದ ಸುಣ್ಣ ನೋಡಿದಳು. ಬಂದ ಮಾತನ್ನು ನುಂಗಿಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಪಕ್ಕಕ್ಕೆ ಬಂದು ತಾನೂ ಗೋಡೆಗೆ ಎರಡು ಕೈ ಇಟ್ಟಳು.

"ಬರ್ತೈತೇನೋ?"

"ಇಷ್ಟು ಬಂದೈತೆ ಕಣವ್ವ!"

"ಹಂಗಾದ್ರೆ ಮೆತ್ತಗೆ ತಳ್ಳೋ," ಅಂದಳು ಹನುಮಕ್ಕ. "ಒಳಗೆ ಕೂಸು ಮಲಗೈತೆ."